ಚಳಿಗಾಲದಲ್ಲಿ ಸೂರು ಯಾರಿಗೆ?

ಚಳಿ ಅಂದ್ರೆ ನಮಗೆಷ್ಟು ಗೊತ್ತು? ಡಿಸೆಂಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಓಡುವವರು ಒಂದು ಸ್ವೆಟರ್ ಹಾಕ್ಕೊಂಡ್ರೆ ಮುಗೀತು. ಎರಡು ಸುತ್ತು ಓಡುವಷ್ಟರಲ್ಲಿ ಅದೂ ಸೊಂಟಕ್ಕೆ ಬರುತ್ತೆ. ನ್ಯೂಯಾರ್ಕ್‌ನ ಕಥೆ ಬೇರೆ. ಜನವರಿಯಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ರಸ್ತೆ ಮೇಲೆ ಹಿಮ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾದರೆ ಗಾಜಿನ ಮೇಲೆ ಕಾಲಿಟ್ಟ ಹಾಗೆ. ಇಂಥ ಊರಲ್ಲಿ ಆಫೀಸು ಮುಗಿಸಿ ಬಂದ ರನ್ನಿಂಗ್ ಕ್ಲಬ್ಬಿನವರು ಎಲ್ಲಿ ಓಡಬೇಕು?

ಸೂರಿನ ಕೆಳಗೆ ಓಡ್ತಾರೆ. ನಗರದ ಉತ್ತರ ಭಾಗದಲ್ಲಿ, 168ನೇ ಬೀದಿಯ ಹತ್ತಿರ ಕೋಟೆಯಂಥ ಒಂದು ಕಟ್ಟಡ ಇದೆ. ಹೆಸರು ಆರ್ಮರಿ. ಅಂದ್ರೆ ಶಸ್ತ್ರಾಗಾರ. ಅದರೊಳಗೆ 200 ಮೀಟರಿನ ಟ್ರ್ಯಾಕ್. ಹೊರಗಿನ ಸ್ಟೇಡಿಯಂ ಟ್ರ್ಯಾಕ್ 400 ಮೀಟರ್, ಇದು ಅದರಲ್ಲಿ ಅರ್ಧ. ತಿರುವುಗಳು ಇಕ್ಕಟ್ಟು, ಅದಕ್ಕೇ ಅವನ್ನ ಹೊರಬದಿಗೆ ಎತ್ತರಿಸಿ ಕಟ್ಟಿದ್ದಾರೆ. ಇಲ್ಲದಿದ್ದರೆ ವೇಗವಾಗಿ ಬಂದವನನ್ನ ತಿರುವು ಹೊರಕ್ಕೆ ಎಸೆಯುತ್ತೆ. 5 ಕಿಲೋಮೀಟರ್ ಆಗಬೇಕಂದ್ರೆ 25 ಸುತ್ತು. ಇಂಥ ಟ್ರ್ಯಾಕ್ ಮೇಲೆ ಒಬ್ಬೊಬ್ಬರೇ ಓಡಿದರೆ ಬೇಜಾರು, ಬೇಕಾಬಿಟ್ಟಿ ಓಡಿದರೆ ಡಿಕ್ಕಿ. ಹಾಗಾಗಿ ವೇಗಕ್ಕೆ ತಕ್ಕಂತೆ ಗುಂಪು ಮಾಡ್ತಾರೆ. ಒಂದು ಗುಂಪು ಓಡುವಾಗ ಇನ್ನೊಂದು ನಿಂತು ದಣಿವಾರಿಸಿಕೊಳ್ಳುತ್ತೆ. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್. ಒಳಗಿನ ಗಾಳಿ ಎಷ್ಟು ಒಣ ಅಂದ್ರೆ, ಜೋರಾಗಿ ಓಡಿ ಮುಗಿಸಿದವರಿಗೆ ಒಂದಿಷ್ಟು ಹೊತ್ತು ಕೆಮ್ಮು.

ಇದರಲ್ಲಿ ಇತಿಹಾಸ ಎಲ್ಲಿ ಬಂತು ಅಂತ ಕೇಳ್ತೀರಾ? ಇದೆ. ಕ್ರೀಡಾ ಸುದ್ದಿ ಓದುವಾಗ ನಾವು ಪದಕದ ಲೆಕ್ಕ ಹೇಳ್ತೀವಿ. ಮೈದಾನದೊಳಗೆ ಯಾರನ್ನ ಬಿಟ್ಟುಕೊಂಡರು, ಯಾರನ್ನ ಬಾಗಿಲಲ್ಲೇ ನಿಲ್ಲಿಸಿದರು ಅನ್ನೋ ಲೆಕ್ಕ ಹೇಳೋದಿಲ್ಲ. ಇವತ್ತು ಆ ಲೆಕ್ಕ ತೆಗೆಯೋಣ.

ಅಮೆರಿಕದಲ್ಲಿ ಸೂರಿನ ಕೆಳಗಿನ ಓಟಕ್ಕೆ 150 ವರ್ಷ ದಾಟಿದೆ. ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ 1868ರ ನವೆಂಬರ್‌ನಲ್ಲಿ ಒಂದು ಸ್ಕೇಟಿಂಗ್ ಅಂಗಳದಲ್ಲಿ ಒಳಾಂಗಣ ಕ್ರೀಡಾಕೂಟ ನಡೆಸಿತು. ಅಲ್ಲಿಂದ ಚಳಿಗಾಲದ ಓಟ ದೊಡ್ಡ ಮಂದಿಯ ಆಟವಾಗಿ ಬೆಳೀತು. ಅದೇ ಕಾಲದಲ್ಲಿ ಅಮೆರಿಕದ ನಗರಗಳಲ್ಲಿ ಶಸ್ತ್ರಾಗಾರಗಳು ಎದ್ದವು. 1877ರ ರೈಲ್ವೆ ಮುಷ್ಕರದ ನಂತರ ಕಾರ್ಮಿಕರ ದಂಗೆಯ ಭಯ ಅಲ್ಲಿನ ಸಿರಿವಂತರಿಗೆ ಹತ್ತಿತ್ತು. ಸೈನಿಕರ ಕವಾಯತಿಗೆ ನಡುವೆ ಒಂದೂ ಕಂಬವಿಲ್ಲದ ಭಾರೀ ಹಜಾರಗಳು ಬೇಕಾದವು. ಕಂಬ ಇಲ್ಲ ಅಂದ್ಮೇಲೆ ಓಡೋದಕ್ಕೂ ಅದಕ್ಕಿಂತ ಒಳ್ಳೇ ಜಾಗ ಇನ್ನೆಲ್ಲಿ? 168ನೇ ಬೀದಿಯ ಈ ಆರ್ಮರಿ ಮುಗಿದದ್ದು 1911ರಲ್ಲಿ. ಬಂದೂಕು ಹಿಡಿದವರು ಹೆಜ್ಜೆ ಹಾಕಿದ ಮರದ ನೆಲದ ಮೇಲೇ ಶಾಲೆ ಮಕ್ಕಳು ಓಡಿದರು. ತಲೆಮಾರುಗಟ್ಟಲೆ ಓಡಿದರು.

ಆದ್ರೆ ಕ್ಲಬ್ಬುಗಳ ಬಾಗಿಲು ಎಲ್ಲರಿಗೂ ತೆರೆದಿತ್ತಾ? ಇಲ್ಲ. ಕಪ್ಪು ಓಟಗಾರರಿಗೆ ದೊಡ್ಡ ಕ್ಲಬ್ಬುಗಳಲ್ಲಿ ಜಾಗ ಇರಲಿಲ್ಲ. 1936ರಲ್ಲಿ ಹಾರ್ಲೆಮ್‌ನಲ್ಲಿ ಜೋಸೆಫ್ ಯಾನ್ಸಿ ಮತ್ತು ಸಂಗಡಿಗರು ನ್ಯೂಯಾರ್ಕ್ ಪಯೋನಿಯರ್ ಕ್ಲಬ್ ಕಟ್ಟಿದರು. ಬೇಸಿಗೆಯಲ್ಲಿ ಪಾರ್ಕಿನ ಟ್ರ್ಯಾಕ್, ಚಳಿಗಾಲದಲ್ಲಿ ಹಾರ್ಲೆಮ್‌ನ ಕಪ್ಪು ಸೈನಿಕರ 369ನೇ ರೆಜಿಮೆಂಟಿನ ಶಸ್ತ್ರಾಗಾರ. ಯಾನ್ಸಿ ಕೋಚ್ ಆಗಿ ದುಡಿದರು, ಸಂಬಳಕ್ಕಲ್ಲ. 1942ರಲ್ಲಿ ಆ ಕ್ಲಬ್ ತನ್ನ ನಿಯಮವನ್ನೇ ಬದಲಿಸಿಕೊಂಡು ಎಲ್ಲಾ ಜನಾಂಗದವರಿಗೂ ಬಾಗಿಲು ತೆರೆಯಿತು. ನೋಡಿ, ಹೊರಗಿಟ್ಟವರು ತಮ್ಮ ಪಾಡಿಗಿದ್ದರು. ಹೊರಗೆ ಉಳಿದವರೇ ಎಲ್ಲರನ್ನೂ ಒಳಗೆ ಕರೆದರು!

ಆ ಕ್ಲಬ್ಬಿಗೆ ಬಂದವರಲ್ಲಿ ಒಬ್ಬರು ಟೆಡ್ ಕಾರ್ಬಿಟ್. ಗುಲಾಮಗಿರಿಯಿಂದ ಬಿಡುಗಡೆಯಾದವರ ಮೊಮ್ಮಗ, ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಮ್ಯಾರಥಾನ್ ಓಡಿದ ಮೊದಲ ಕಪ್ಪು ಓಟಗಾರ. 1958ರಲ್ಲಿ ನ್ಯೂಯಾರ್ಕ್‌ನ ರೋಡ್ ರನ್ನರ್ಸ್ ಕ್ಲಬ್ ಶುರುವಾದಾಗ ಮೊದಲ ಅಧ್ಯಕ್ಷರೂ ಅವರೇ. ಆ ಕ್ಲಬ್ಬು 1970ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಮ್ಯಾರಥಾನ್ ನಡೆಸಿತು. ಪ್ರವೇಶ ಶುಲ್ಕ 1 ಡಾಲರ್. ಹೊರಟವರು 127 ಜನ, ಮುಗಿಸಿದವರು 55. ಇವತ್ತು ನ್ಯೂಯಾರ್ಕ್ ಮ್ಯಾರಥಾನ್ ಮುಗಿಸುವವರ ಸಂಖ್ಯೆ 50,000ಕ್ಕೂ ಹೆಚ್ಚು. ಅದರ ಬೇರು ಹುಡುಕ್ತಾ ಹೋದರೆ ಹಾರ್ಲೆಮ್‌ಗೇ ಹೋಗಿ ನಿಲ್ತೀವಿ.

ಇನ್ನು 1968ಕ್ಕೆ ಬನ್ನಿ. ಆ ದೊಡ್ಡ ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ಬಿಗೆ ನೂರು ವರ್ಷ. ಹೊಸದಾಗಿ ಎದ್ದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫೆಬ್ರವರಿಯಲ್ಲಿ ಶತಮಾನೋತ್ಸವದ ಕ್ರೀಡಾಕೂಟ. ಕಪ್ಪು ಓಟಗಾರರು ಹೇಳಿದ್ದು ಒಂದೇ ಮಾತು: ನಿಮ್ಮ ಟಿಕೆಟ್ ಮಾರೋದಕ್ಕೆ ನಮ್ಮ ಕಾಲು ಬೇಕು, ನಿಮ್ಮ ಕ್ಲಬ್ಬಿನ ಸದಸ್ಯತ್ವಕ್ಕೆ ನಾವು ಬೇಡ್ವಾ? ಹ್ಯಾರಿ ಎಡ್ವರ್ಡ್ಸ್ ಅವರ ನೇತೃತ್ವದಲ್ಲಿ ಬಹಿಷ್ಕಾರ ನಡೀತು. ಸೋವಿಯತ್ ತಂಡವೂ ಹಿಂದೆ ಸರೀತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನ ಪದಕ ವೇದಿಕೆ ಮೇಲೆ ಎದ್ದ ಮುಷ್ಟಿಗಳನ್ನ ಇಡೀ ಜಗತ್ತು ನೋಡ್ತು. ಅದಕ್ಕೆ ಎಂಟು ತಿಂಗಳ ಮೊದಲೇ ಒಂದು ಒಳಾಂಗಣ ಟ್ರ್ಯಾಕಿನ ಬಾಗಿಲಲ್ಲಿ ಆ ಸಿಟ್ಟು ಕಾಣಿಸಿಕೊಂಡಿತ್ತು.

ಇಲ್ಲಿಯವರೆಗೆ ಯಾರ ಪರ ನಿಲ್ಲಬೇಕು ಅನ್ನೋದು ಸುಲಭ. ಮುಂದಿನದು ಸುಲಭ ಇಲ್ಲ.

1979ರಲ್ಲಿ ನ್ಯೂಯಾರ್ಕ್ ಬೀದಿಗಳಲ್ಲಿ ಸಾವಿರಾರು ಜನ ಮಲಗುತ್ತಿದ್ದರು. ರಾಬರ್ಟ್ ಹೇಸ್ ಅನ್ನೋ ಯುವ ವಕೀಲ ಕೋರ್ಟಿಗೆ ಹೋದರು. ರಾಜ್ಯದ ಸಂವಿಧಾನದಲ್ಲಿ ನಿರ್ಗತಿಕರನ್ನ ನೋಡಿಕೊಳ್ಳೋದು ಸರ್ಕಾರದ ಹೊಣೆ ಅಂತ ಬರೆದಿದ್ದೀರಲ್ಲ, ಹಾಗಾದ್ರೆ ಮಲಗೋದಕ್ಕೆ ಜಾಗ ಕೊಡಿ ಅಂತ ವಾದಿಸಿದರು. ಅರ್ಜಿದಾರರಲ್ಲಿ ಮೊದಲ ಹೆಸರು ರಾಬರ್ಟ್ ಕ್ಯಾಲಹನ್. ಒಂದು ಕಾಲಕ್ಕೆ ಹೋಟೆಲ್ ಅಡುಗೆಯವರು, ಆಮೇಲೆ ಬೀದಿಯೇ ಮನೆ. 1981ರಲ್ಲಿ ನಗರಾಡಳಿತ ಒಪ್ಪಂದಕ್ಕೆ ಸಹಿ ಹಾಕಿತು. ಕೇಳಿ ಬಂದ ಪ್ರತಿ ಮನೆಯಿಲ್ಲದ ಪುರುಷನಿಗೂ ಒಂದು ಹಾಸಿಗೆ ಕೊಡಲೇಬೇಕು. ಆದರೆ ಕ್ಯಾಲಹನ್ ಅದನ್ನ ನೋಡಲಿಲ್ಲ. ಅಷ್ಟರಲ್ಲಿ ಅವರು ಅದೇ ಬೀದಿಯಲ್ಲಿ ತೀರಿಕೊಂಡಿದ್ದರು.

ಹಾಸಿಗೆ ಕೊಡಬೇಕು, ಸರಿ. ಎಲ್ಲಿ ಹಾಕೋದು? ನಗರದ ಕಣ್ಣು ಶಸ್ತ್ರಾಗಾರಗಳ ಮೇಲೆ ಬಿತ್ತು. 168ನೇ ಬೀದಿಯ ಆರ್ಮರಿಯಲ್ಲಿ ಮಕ್ಕಳು ಓಡುತ್ತಿದ್ದ ನೆಲದ ಮೇಲೆ ಸಾಲು ಸಾಲು ಮಂಚ ಬಂದವು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಗಂಡಸರು ಒಂದೇ ಹಜಾರದಲ್ಲಿ ಮಲಗುತ್ತಿದ್ದರು. ಗೋಡೆ ಇಲ್ಲ, ಮರೆ ಇಲ್ಲ. ಕಳ್ಳತನ, ಹೊಡೆದಾಟ, ಕ್ಷಯರೋಗದ ಭಯ. ಬೂಟು ಕಳುವಾಗಬಾರದು ಅಂತ ಅದನ್ನೇ ಹತ್ತಿರ ಇಟ್ಟುಕೊಂಡು ಮಲಗಬೇಕಾದ ಬದುಕು. ಎಂಬತ್ತರ ದಶಕದಲ್ಲೇ ಅಲ್ಲಿ ಓಟ ನಿಂತುಹೋಯಿತು. ನಗರದ ಬಡ ಶಾಲೆಗಳ ಮಕ್ಕಳಿಗೆ ಚಳಿಗಾಲದ ಟ್ರ್ಯಾಕ್ ಇಲ್ಲವಾಯಿತು.

ಈಗ ನೀವೇ ಹೇಳಿ, ಇಲ್ಲಿ ಯಾರದ್ದು ತಪ್ಪು? ಮಲಗಲು ಬಂದವನದಾ? ಓಡಬೇಕು ಅಂದ ಹುಡುಗನದಾ? ಇಬ್ಬರೂ ಬಡವರೇ. ಆಡಳಿತಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಇಬ್ಬರು ಬಡವರನ್ನ ಒಂದೇ ಚಾಪೆಗೆ ಕಿತ್ತಾಡಲು ಬಿಟ್ಟರೆ, ಚಾಪೆ ಯಾಕೆ ಒಂದೇ ಇದೆ ಅಂತ ಯಾರೂ ಕೇಳೋದಿಲ್ಲ.

ಆ ಪ್ರಶ್ನೆಯ ನಡುವೆ ಬಂದವರು ಡಾಕ್ಟರ್ ನಾರ್ಬರ್ಟ್ ಸ್ಯಾಂಡರ್. ಬ್ರಾಂಕ್ಸ್‌ನಲ್ಲಿ ಕ್ಲಿನಿಕ್ ಇಟ್ಟಿದ್ದ ವೈದ್ಯ. 1974ರ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು. ಶಾಲೆಯಲ್ಲಿದ್ದಾಗ ಇದೇ ಆರ್ಮರಿಯ ಮರದ ನೆಲದ ಮೇಲೆ ಓಡಿದವರು. ಹಣ ಕೂಡಿಸಿ, ಅಧಿಕಾರಿಗಳ ಬೆನ್ನು ಬಿದ್ದು, 1993ರಲ್ಲಿ ಹೊಸ ಟ್ರ್ಯಾಕ್ ತೆರೆಸಿದರು. 2012ರಲ್ಲಿ ಅಮೆರಿಕದ ಹೆಸರಾಂತ ಮಿಲ್‌ರೋಸ್ ಕ್ರೀಡಾಕೂಟ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಿಟ್ಟು ಇಲ್ಲಿಗೆ ಬಂತು. ಸ್ಯಾಂಡರ್ 2017ರಲ್ಲಿ ತೀರಿಕೊಂಡರು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ಆದರೆ ನನಗೆ ಮುಖ್ಯ ಅನ್ನಿಸೋದು ಇನ್ನೊಂದು ಸಂಗತಿ. ಟ್ರ್ಯಾಕ್ ವಾಪಸ್ ಬಂದಾಗ ಮಲಗುವವರನ್ನ ಪೂರ್ತಿ ಹೊರಗೆ ಹಾಕಲಿಲ್ಲ. ಅದೇ ಕಟ್ಟಡದಲ್ಲಿ 200 ಹಾಸಿಗೆಗಳ ಒಂದು ತಂಗುದಾಣ ಉಳಿಯಿತು. ಮುಖ್ಯವಾಗಿ ಮಾನಸಿಕ ಕಾಯಿಲೆ ಇರುವ ಮನೆಯಿಲ್ಲದ ಗಂಡಸರಿಗೆ, ಚಿಕಿತ್ಸೆಯ ಜೊತೆಗೆ. ಸಾವಿರ ಮಂಚದ ದೊಡ್ಡಿಗಿಂತ ಅದು ಮೇಲು. ಆದರೆ ಸಾವಿರ ಎಲ್ಲಿ, 200 ಎಲ್ಲಿ? ಉಳಿದವರನ್ನ ಬೇರೆ ಕಡೆಗೆ ಕಳಿಸಿದರು ಅನ್ನೋ ಒಂದು ಸಾಲಿನಲ್ಲಿ ಎಷ್ಟು ಜನರ ಚಳಿಗಾಲ ಅಡಗಿದೆಯೋ! ಇದನ್ನ ಪೂರ್ತಿ ನ್ಯಾಯ ಅಂತ ನಾನು ಕರೆಯಲಾರೆ. ಪೂರ್ತಿ ಅನ್ಯಾಯ ಆಗದ ಹಾಗೆ ನೋಡಿಕೊಂಡರು ಅಂತ ಹೇಳಬಲ್ಲೆ. ಸಾರ್ವಜನಿಕ ಜಾಗದ ಇತಿಹಾಸದಲ್ಲಿ ಅಷ್ಟೂ ಅಪರೂಪ.

ನಮ್ಮ ದೇಶಕ್ಕೆ ಬಂದರೆ, 2022ರಲ್ಲಿ ದೆಹಲಿಯ ಸರ್ಕಾರಿ ಕ್ರೀಡಾಂಗಣವೊಂದರ ಸುದ್ದಿ ನಿಮಗೆ ನೆನಪಿರಬಹುದು. ಹಿರಿಯ ಅಧಿಕಾರಿಯೊಬ್ಬರು ನಾಯಿ ಜೊತೆ ವಾಕಿಂಗ್ ಬರ್ತಾರೆ ಅಂತ ಸಂಜೆ ಏಳಕ್ಕೇ ಕ್ರೀಡಾಪಟುಗಳನ್ನ ಹೊರಗೆ ಕಳಿಸ್ತಿದ್ದರು ಅಂತ ವರದಿಯಾಯಿತು. ಆರೋಪವನ್ನ ಅವರು ಅಲ್ಲಗಳೆದರು. ಗದ್ದಲ ಜೋರಾಯಿತು, ಅವರನ್ನ ಲಡಾಖ್‌ಗೆ ವರ್ಗ ಮಾಡಿದರು, ಸ್ಟೇಡಿಯಂಗಳನ್ನ ರಾತ್ರಿ ಹತ್ತರವರೆಗೆ ತೆರೆದಿಡಿ ಅಂತ ದೆಹಲಿ ಸರ್ಕಾರ ಆದೇಶ ಹೊರಡಿಸಿತು. ಅಲ್ಲಿ ಯಾರ ಪರ ನಿಲ್ಲಬೇಕು ಅನ್ನೋದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಬೆವರು.

ನ್ಯೂಯಾರ್ಕ್‌ನ ಪಾಠ ಅದಕ್ಕಿಂತ ಕಷ್ಟದ್ದು. ನಮ್ಮೂರಿನ ಆಟದ ಮೈದಾನ ಒಂದು ದಿನ ಇನ್ಯಾವುದೋ ನಿಜವಾದ ಅಗತ್ಯಕ್ಕೆ ಬೇಕಾಗಬಹುದು. ನೆರೆ ಬಂದಾಗ ಸಂತ್ರಸ್ತರಿಗೆ, ರೋಗ ಬಂದಾಗ ಹಾಸಿಗೆಗೆ. ಕೊಡಬೇಕು, ಕೊಡೋಣ. ಆದರೆ ಕೊಡುವ ದಿನವೇ ಎರಡು ಮಾತು ಕೇಳಿ ಬರೆಸಿಕೊಳ್ಳಬೇಕು. ಮಕ್ಕಳಿಗೆ ಈ ಮೈದಾನ ವಾಪಸ್ ಯಾವಾಗ? ಇಲ್ಲಿ ಬಂದು ಮಲಗಿದವರಿಗೆ ಮುಂದಿನ ಸೂರು ಎಲ್ಲಿ? ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಇನ್ನೊಂದನ್ನ ನುಂಗುವ ಅಧಿಕಾರಿ ಸಿಕ್ಕರೆ, ಅವರ ಮುಂದೆ ಮೈಕ್ ಹಿಡಿಯೋದು ನಮ್ಮ ಕೆಲಸ. ಆ ಮೈಕಿನ ಹಿಂದೆ ನಿಲ್ಲೋದು ನಿಮ್ಮ ಕೆಲಸ.