ಹಣೆಪಟ್ಟಿ ಮೀರಿದ ವೇಗ, ನೀರು ಹೊತ್ತ ಶಾಖ

ಪ್ರೊಸೆಸರಿನ ಮೇಲೆ ತಯಾರಕರು ನಮೂದಿಸುವ ವೇಗವು ಆ ಚಿಪ್ಪಿನ ಸಹಜ ಮಿತಿಯನ್ನು ಹೇಳುವುದಿಲ್ಲ. ಪರೀಕ್ಷೆಯ ಫಲಿತಾಂಶ, ಮುನ್ನೆಚ್ಚರಿಕೆ ಮತ್ತು ಮಾರುಕಟ್ಟೆಯ ಲೆಕ್ಕಾಚಾರ ಕೂಡಿ ಅಂಟಿಸಿದ ಹಣೆಪಟ್ಟಿ ಅದು. ವೇಫರ್ ಎಂದು ಕರೆಯುವ ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿ ತೆಗೆದ ನೂರಾರು ಚಿಪ್ಪುಗಳು ಗುಣದಲ್ಲಿ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ ಅವು ತಾಳಿಕೊಳ್ಳುವ ವೇಗಕ್ಕೆ ತಕ್ಕಂತೆ ಬೇರೆ ಬೇರೆ ದರ್ಜೆಗಳಿಗೆ ಹಾಕುತ್ತಾರೆ; ಈ ವಿಂಗಡಣೆಗೆ ಉದ್ಯಮದಲ್ಲಿ ಬಿನ್ನಿಂಗ್ ಎಂಬ ಹೆಸರಿದೆ. ಸೆಕೆಯ ಕೋಣೆ, ದೂಳು ಹಿಡಿದ ಫ್ಯಾನು, ಏರಿಳಿಯುವ ವಿದ್ಯುತ್ತು ಇವೆಲ್ಲದರ ನಡುವೆಯೂ ಚಿಪ್ಪು ವರ್ಷಗಟ್ಟಲೆ ತಪ್ಪಿಲ್ಲದೆ ನಡೆಯಬೇಕಾದ್ದರಿಂದ, ನಿಜವಾದ ಸಾಮರ್ಥ್ಯಕ್ಕಿಂತ ಒಂದಿಷ್ಟು ಕೆಳಗೇ ವೇಗವನ್ನು ನಿಗದಿ ಮಾಡುವುದು ವಾಡಿಕೆ. ಅಗ್ಗದ ಚಿಪ್ಪಿಗೆ ಬೇಡಿಕೆ ಹೆಚ್ಚಿದಾಗ ಒಳ್ಳೆಯ ದರ್ಜೆಯದಕ್ಕೂ ಕೆಳದರ್ಜೆಯ ಹೆಸರು ಬೀಳುವುದುಂಟು. ಹೀಗೆ ಒಳಗೇ ಉಳಿದುಹೋದ ಸಾಮರ್ಥ್ಯವನ್ನು ಬಳಕೆದಾರನೇ ಹುಡುಕಿ ಹೊರತೆಗೆಯುವ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದರ ನಾಲ್ಕು ದಶಕಗಳ ಇತಿಹಾಸವನ್ನು ದಾಖಲೆಗಳ ಸಾಲಾಗಿ ಹೇಳುವ ರೂಢಿಯಿದೆಯಾದರೂ, ಆ ಉಳಿಕೆಯ ಒಡೆತನ ಯಾರದೆಂಬ ಜಗ್ಗಾಟವಾಗಿ ಅದನ್ನು ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಪ್ರೊಸೆಸರಿನೊಳಗಿನ ಪ್ರತಿಯೊಂದು ಕೆಲಸವೂ ಕ್ಲಾಕ್ ಎಂಬ ಮಿಡಿತದ ತಾಳಕ್ಕೆ ನಡೆಯುತ್ತದೆ, ಮತ್ತು ಆ ಮಿಡಿತವನ್ನು ಹುಟ್ಟಿಸುವುದು ಮದರ್‌ಬೋರ್ಡಿನ ಮೇಲಿರುವ ಕ್ವಾರ್ಟ್ಸ್ ಹರಳು. 1981ರ ಐಬಿಎಂ ಪಿಸಿಯಲ್ಲಿ, ಅಮೆರಿಕದ ಬಣ್ಣದ ಟೀವಿಯ ಸಂಕೇತಕ್ಕೆ ಹೊಂದಿಕೊಳ್ಳಲೆಂದು, ಸೆಕೆಂಡಿಗೆ 143 ಲಕ್ಷ ಬಾರಿ, ಅಂದರೆ 14.318 ಮೆಗಾಹರ್ಟ್ಸ್ ಆವರ್ತನದಲ್ಲಿ, ಕಂಪಿಸುವ ಹರಳನ್ನು ಇಟ್ಟು, ಅದನ್ನು ಮೂರರಿಂದ ಭಾಗಿಸಿದ 4.77 ಮೆಗಾಹರ್ಟ್ಸ್ ಮಿಡಿತವನ್ನು ಪ್ರೊಸೆಸರಿಗೆ ಕೊಟ್ಟಿದ್ದರು. 1984ರಲ್ಲಿ ಬಂದ ಪಿಸಿ ಎಟಿ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದರಲ್ಲಿದ್ದ 12 ಮೆಗಾಹರ್ಟ್ಸ್ ಹರಳನ್ನು ಕಿತ್ತು ಆ ಜಾಗದಲ್ಲಿ ಕೆಲವೇ ಡಾಲರ್ ಬೆಲೆಯ 16 ಮೆಗಾಹರ್ಟ್ಸ್ ಹರಳನ್ನು ಕೂರಿಸಿದರೆ ಯಂತ್ರ 8 ಮೆಗಾಹರ್ಟ್ಸ್‌ಗೆ ಏರುತ್ತದೆಂಬ ಸಂಗತಿ ಬಳಕೆದಾರರಿಗೆ ಬೇಗನೆ ತಿಳಿಯಿತು. 1985ರ ನವೆಂಬರಿನ ದಿನಾಂಕ ಹೊತ್ತ ಹೊಸ ಬಯಾಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಐಬಿಎಂ ವೇಗವನ್ನು ಅಳೆಯುವ ಒಂದು ಪರೀಕ್ಷೆಯನ್ನು ಸೇರಿಸಿತು. ಮಿಡಿತ ನಿಗದಿಗಿಂತ ಹೆಚ್ಚಿದ್ದರೆ ಯಂತ್ರ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಬಳಕೆದಾರನ ಕೈಚಳಕಕ್ಕೆ ತಯಾರಕರು ಹಾಕಿದ ಮೊದಮೊದಲ ಬೀಗಗಳಲ್ಲಿ ಇದೊಂದು.

ಮುಂದೆ ಪ್ರೊಸೆಸರಿನ ವೇಗ ಮದರ್‌ಬೋರ್ಡಿನ ವೇಗವನ್ನು ಹಿಂದಿಕ್ಕಿದಾಗ ಗುಣಕದ ಪದ್ಧತಿ ಬಂತು. 1992ರ ಇಂಟೆಲ್ 486ಡಿಎಕ್ಸ್2 ಚಿಪ್ಪು ಹೊರಗಿನ 33 ಮೆಗಾಹರ್ಟ್ಸ್ ಮಿಡಿತವನ್ನು ತನ್ನೊಳಗೆ ಎರಡರಿಂದ ಗುಣಿಸಿಕೊಂಡು 66ರಲ್ಲಿ ಓಡುತ್ತಿತ್ತು. ಹೀಗೆ ವೇಗವೆಂಬುದು ಬಸ್ ಎನ್ನುವ ಹೊರಗಿನ ಮಿಡಿತ ಮತ್ತು ಒಳಗಿನ ಗುಣಕ ಇವೆರಡರ ಗುಣಲಬ್ಧವಾದ ಮೇಲೆ, ಬೋರ್ಡಿನ ಮೇಲಿನ ಪುಟ್ಟ ಜಂಪರ್ ತುಂಡುಗಳನ್ನು ಸರಿಸಿ ಎರಡನ್ನೂ ಬದಲಿಸುವುದು ಸುಲಭವಾಯಿತು. ಈ ಸೌಲಭ್ಯವನ್ನು ಹವ್ಯಾಸಿಗಳಷ್ಟೇ ಚುರುಕಾಗಿ ವಂಚಕ ವ್ಯಾಪಾರಿಗಳೂ ಬಳಸಿಕೊಂಡರು: ಕಡಿಮೆ ದರ್ಜೆಯ ಚಿಪ್ಪಿನ ಮೇಲಿನ ಅಚ್ಚನ್ನು ಕೆರೆದು ಹೆಚ್ಚಿನ ವೇಗವನ್ನು ಮುದ್ರಿಸಿ ಮಾರುವ ದಂಧೆ 1990ರ ದಶಕದಲ್ಲಿ ಬೆಳೆಯಿತು. ಆ ದಂಧೆಯನ್ನು ಕಾರಣವಾಗಿ ಮುಂದಿಟ್ಟು ಇಂಟೆಲ್ ದಶಕದ ಕೊನೆಯ ಹೊತ್ತಿಗೆ ಗುಣಕಕ್ಕೆ ಚಿಪ್ಪಿನೊಳಗೇ ಬೀಗ ಹಾಕಿತು. ಕಾರಣ ಸುಳ್ಳೇನಲ್ಲ, ಆದರೆ ದುಬಾರಿ ದರ್ಜೆಯ ಮಾರಾಟವನ್ನು ಆ ಬೀಗ ಕಾಪಾಡಿತೆಂಬುದೂ ಅಷ್ಟೇ ನಿಜ.

ಬೀಗದ ಹೊರಗೆ ಉಳಿದಿದ್ದ ಒಂದೇ ದಾರಿ ಬಸ್. ಆ ದಾರಿಯನ್ನು ಹೆದ್ದಾರಿ ಮಾಡಿದ್ದು 1998ರ ಆಗಸ್ಟಿನಲ್ಲಿ ಬಂದ ಸೆಲೆರಾನ್ 300ಎ. ಅದೇ ವರ್ಷದ ಏಪ್ರಿಲಿನಲ್ಲಿ ಬಂದಿದ್ದ ಮೊದಲ ಸೆಲೆರಾನಿಗೆ, ಪದೇ ಪದೇ ಬೇಕಾಗುವ ದತ್ತಾಂಶವನ್ನು ಹತ್ತಿರ ಇಟ್ಟುಕೊಳ್ಳುವ ಎರಡನೇ ಹಂತದ ಕ್ಯಾಶ್ ಸ್ಮರಣೆಯೇ ಇರಲಿಲ್ಲವಾಗಿ ಅದು ಹೆಸರು ಕೆಡಿಸಿಕೊಂಡಿತ್ತು. ಆ ಲೋಪವನ್ನು ಸರಿಪಡಿಸಲು ಇಂಟೆಲ್ ಹೊಸ ಸೆಲೆರಾನಿನಲ್ಲಿ 128 ಕಿಲೋಬೈಟ್ ಕ್ಯಾಶನ್ನು ಪ್ರೊಸೆಸರಿನ ಸಿಲಿಕಾನಿನಲ್ಲೇ ಸೇರಿಸಿತು. ಅದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು, ಆದರೆ ಹಲವು ಪಟ್ಟು ದುಬಾರಿಯಾದ ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ಸೆಲೆರಾನಿನ ಗುಣಕ 4.5ಕ್ಕೆ ಬೀಗಬಿದ್ದಿತ್ತು, ಬಸ್ 66 ಮೆಗಾಹರ್ಟ್ಸ್ ಆಗಿತ್ತು. ಅಷ್ಟರಲ್ಲಿ ಮಾರುಕಟ್ಟೆಗೆ ಬಂದಿದ್ದ ಇಂಟೆಲಿನದೇ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳು 100 ಮೆಗಾಹರ್ಟ್ಸ್ ಬಸ್ಸನ್ನು ಅಧಿಕೃತವಾಗಿಯೇ ಕೊಡುತ್ತಿದ್ದುದರಿಂದ, ಬಸ್ಸನ್ನು 100ಕ್ಕೆ ಏರಿಸಿದೊಡನೆ ಅದೇ ಚಿಪ್ಪು 450 ಮೆಗಾಹರ್ಟ್ಸ್‌ಗೆ, ಅಂದರೆ ಹಣೆಪಟ್ಟಿಯ ಒಂದೂವರೆ ಪಟ್ಟಿಗೆ, ಏರುತ್ತಿತ್ತು. ಅಂದಿನ ಅತಿ ವೇಗದ ಪೆಂಟಿಯಂ 2ರ ವೇಗವೂ ಅದೇ ಆಗಿತ್ತು. ಬಸ್ಸನ್ನು ತಾನಾಗಿಯೇ ಗುರುತಿಸುವ ಬೋರ್ಡುಗಳನ್ನು ನಂಬಿಸಲು, ಬಿ21 ಎಂಬ ಸಂಪರ್ಕದ ಪಟ್ಟಿಯ ಮೇಲೆ ಸಣ್ಣ ಟೇಪಿನ ಚೂರು ಅಂಟಿಸಿದರೆ ಸಾಕಾಗುತ್ತಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಬಸ್ಸನ್ನು 83 ಮೆಗಾಹರ್ಟ್ಸ್‌ಗೆ ಏರಿಸಿದವರ ಯಂತ್ರದಲ್ಲಿ, 33ರಲ್ಲಿ ಇರಬೇಕಾದ ಪಿಸಿಐ ಕಾರ್ಡುಗಳ ಮಿಡಿತ 41ನ್ನು ದಾಟಿ ಹಾರ್ಡ್‌ಡಿಸ್ಕಿನ ಕಡತಗಳು ಕೆಡುವ ಅಪಾಯವಿತ್ತು. 100ರಲ್ಲಾದರೋ ಬೋರ್ಡು ಮೂರರಿಂದ ಭಾಗಿಸಿ ಪಿಸಿಐಯನ್ನು ಮತ್ತೆ 33ಕ್ಕೇ ತಂದು ನಿಲ್ಲಿಸುತ್ತಿತ್ತು. ದೊಡ್ಡ ಜಿಗಿತವೇ ಚಿಕ್ಕ ಜಿಗಿತಕ್ಕಿಂತ ಸುರಕ್ಷಿತವಾಗಿದ್ದ ಈ ವಿಚಿತ್ರವು ಸೆಲೆರಾನಿನ ಖ್ಯಾತಿಗೆ ಅದರ ಬೆಲೆಯಷ್ಟೇ ಕಾರಣ.

ಇಂಟೆಲಿನ ಪ್ರತಿಸ್ಪರ್ಧಿಯಾದ ಎಎಂಡಿಯ ಬೀಗ ಇನ್ನೂ ಸಡಿಲವಾಗಿತ್ತು. 2000ದಲ್ಲಿ ಬಂದ ಡ್ಯುರಾನ್ ಮತ್ತು ಹೊಸ ಅಥ್ಲಾನ್ ಚಿಪ್ಪುಗಳ ಮೇಲ್ಮೈಯಲ್ಲಿ, ಕಾರ್ಖಾನೆಯಲ್ಲಿ ಲೇಸರಿನಿಂದ ಕತ್ತರಿಸಿದ ಎಲ್1 ಎಂಬ ಕಿರುಸೇತುವೆಗಳಿದ್ದವು. ಪೆನ್ಸಿಲಿನ ಸೀಸವೆಂದು ಕರೆಯುವ ಗ್ರಾಫೈಟು ವಿದ್ಯುತ್ತನ್ನು ಹರಿಯಬಿಡುವುದರಿಂದ, ಆ ಕಡಿತದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಗುಣಕ ಮತ್ತೆ ಬಳಕೆದಾರನ ವಶವಾಗುತ್ತಿತ್ತು.

ವೇಗ ಏರಿದಲ್ಲೆಲ್ಲ ಶಾಖವೂ ಏರುತ್ತದೆ, ಅದೂ ವೇಗದ ಪ್ರಮಾಣವನ್ನು ಮೀರಿ. ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸುವಾಗ ವ್ಯಯವಾಗುವ ಶಕ್ತಿ ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಹೆಚ್ಚಿನ ಆವರ್ತನದಲ್ಲಿ ಟ್ರಾನ್ಸಿಸ್ಟರು ಸಮಯಕ್ಕೆ ಸರಿಯಾಗಿ ಬದಲಾಗಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಆವರ್ತನವನ್ನು ಶೇ. 20ರಷ್ಟು, ವೋಲ್ಟೇಜನ್ನು ಶೇ. 10ರಷ್ಟು ಹೆಚ್ಚಿಸಿದರೆ ಶಾಖ ಶೇ. 45ರಷ್ಟು ಹೆಚ್ಚುತ್ತದೆ. ಚಿಪ್ಪು ಬಿಸಿಯಾದಷ್ಟೂ ಕೆಲಸವಿಲ್ಲದೆ ಸೋರಿಹೋಗುವ ವಿದ್ಯುತ್ತು ಹೆಚ್ಚಿ ಆ ಸೋರಿಕೆಯೇ ಇನ್ನಷ್ಟು ಬಿಸಿ ತರುತ್ತದೆ; ಜೊತೆಗೆ ತೀವ್ರ ವಿದ್ಯುತ್ಪ್ರವಾಹದ ತಳ್ಳುವಿಕೆಯಿಂದ ಒಳಗಿನ ಲೋಹದ ತಂತುಗಳ ಪರಮಾಣುಗಳು ನಿಧಾನವಾಗಿ ಜಾಗ ಬಿಡುವ ಎಲೆಕ್ಟ್ರೋಮೈಗ್ರೇಶನ್ ಎಂಬ ಸವೆತ ಚುರುಕಾಗಿ ಚಿಪ್ಪಿನ ಆಯುಷ್ಯ ಕುಗ್ಗುತ್ತದೆ.

ಈ ಶಾಖಕ್ಕೆ ಉತ್ತರವಾಗಿ ನೀರನ್ನು ಹವ್ಯಾಸಿಗಳು ಕಂಡುಹಿಡಿಯಲಿಲ್ಲ. ದೊಡ್ಡ ಗಣಕಗಳ ಕೋಣೆಗಳಲ್ಲಿ ಅದು ಮೊದಲೇ ಹರಿಯುತ್ತಿತ್ತು. 1980ರಲ್ಲಿ ಐಬಿಎಂ ಪ್ರಕಟಿಸಿದ 3081 ಯಂತ್ರದಲ್ಲಿ, ಒಂದೊಂದು ಕವಚದೊಳಗೆ ನೂರಕ್ಕೂ ಹೆಚ್ಚು ಚಿಪ್ಪುಗಳಿದ್ದು, ಪ್ರತಿ ಚಿಪ್ಪಿನ ಬೆನ್ನಿಗೂ ಸ್ಪ್ರಿಂಗಿನಿಂದ ಒತ್ತಿ ಹಿಡಿದ ಒಂದು ಲೋಹದ ಪಿಸ್ಟನ್ ಇರುತ್ತಿತ್ತು. ಸಂದುಗಳಲ್ಲಿ, ಗಾಳಿಗಿಂತ ಚೆನ್ನಾಗಿ ಶಾಖವನ್ನು ದಾಟಿಸುವ ಹೀಲಿಯಂ ಅನಿಲವನ್ನು ತುಂಬಿ, ಕವಚದ ಮೇಲೆ ತಣ್ಣೀರು ಹರಿಯುವ ತಟ್ಟೆಯನ್ನು ಬಿಗಿಯುತ್ತಿದ್ದರು. ಸೆಮೋರ್ ಕ್ರೇ ಅವರು ರೂಪಿಸಿದ 1976ರ ಕ್ರೇ-1 ಸುಮಾರು 115 ಕಿಲೋವಾಟ್ ವಿದ್ಯುತ್ತನ್ನು ನುಂಗಿ, ಆ ಶಾಖವನ್ನು ಫ್ರಿಯಾನ್ ಹರಿಯುವ ಕೊಳವೆಗಳಿಗೆ ಒಪ್ಪಿಸುತ್ತಿತ್ತು. 1985ರ ಕ್ರೇ-2ರಲ್ಲಿ ಸರ್ಕೀಟುಗಳೆಲ್ಲ ವಿದ್ಯುತ್ತನ್ನು ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿಯೇ ಮುಳುಗಿದ್ದವು. ಆದರೆ ಇಂದಿನ ಮೇಜಿನ ಮೇಲಿನ ಕಂಪ್ಯೂಟರಿಗೆ ಹೆಚ್ಚು ಹತ್ತಿರದ ಪೂರ್ವಜ ಇವೆಲ್ಲಕ್ಕಿಂತ ಚಿಕ್ಕದು. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್ ಎಂಬ ಸಂಶೋಧಕರು ಸಿಲಿಕಾನಿನಲ್ಲೇ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳನ್ನು ಕೊರೆದು, ಅವುಗಳಲ್ಲಿ ನೀರು ಹಾಯಿಸಿ, ಚದರ ಸೆಂಟಿಮೀಟರಿಗೆ 790 ವಾಟ್ ಶಾಖವನ್ನು ಸಾಗಿಸಬಹುದೆಂದು ತೋರಿಸಿದರು. ನೀರಿಗೆ ಶಾಖವನ್ನು ದಾಟಿಸುವ ತಾಮ್ರದ ಅಚ್ಚಿಗೆ ವಾಟರ್ ಬ್ಲಾಕ್ ಎನ್ನುತ್ತಾರೆ. ಈಚಿನ ಬ್ಲಾಕುಗಳಲ್ಲಿ ಒತ್ತೊತ್ತಾಗಿ ಕೊರೆದಿರುವ ಸೂಕ್ಷ್ಮ ಗೀರುಗಳು ಆ ಪ್ರಯೋಗದ ತತ್ತ್ವವನ್ನೇ ಅನುಸರಿಸುತ್ತವೆ.

1990ರ ದಶಕದ ನಡುವೆ ದೊಡ್ಡ ಗಣಕಗಳು, ಸದಾ ವಿದ್ಯುತ್ತು ಎಳೆಯುವ ಬೈಪೋಲಾರ್ ಟ್ರಾನ್ಸಿಸ್ಟರುಗಳನ್ನು ಬಿಟ್ಟು, ಸ್ಥಿತಿ ಬದಲಿಸುವಾಗ ಮಾತ್ರ ಹೆಚ್ಚಾಗಿ ಎಳೆಯುವ ಸಿಮಾಸ್ ತಂತ್ರಜ್ಞಾನಕ್ಕೆ ಹೊರಳಿದ್ದರಿಂದ ನೀರಿನ ಕೊಳವೆಗಳು ಅಲ್ಲಿಂದ ಕೆಲಕಾಲ ಮರೆಯಾದವು. ಸರಿಸುಮಾರು ಅದೇ ದಶಕದ ಕೊನೆಗೆ ಅವು ಮನೆಯ ಕಂಪ್ಯೂಟರಿನ ಡಬ್ಬಿಯೊಳಗೆ ಕಾಣಿಸಿಕೊಂಡದ್ದು ಆಕಸ್ಮಿಕವಾದರೂ ಗಮನಾರ್ಹ. ಅಂಗಡಿಯಲ್ಲಿ ಸಿದ್ಧ ಸಾಮಾನು ಸಿಗದ ಆ ದಿನಗಳಲ್ಲಿ ಹವ್ಯಾಸಿಗಳು ಎಲ್ಲವನ್ನೂ ಬೇರೆ ಕಸುಬುಗಳಿಂದ ಎರವಲು ತಂದರು. ತಾಮ್ರದ ಗಟ್ಟಿಯಲ್ಲಿ ಡ್ರಿಲ್ ಮಾಡಿ ಬ್ಲಾಕು ಮಾಡಿಕೊಂಡರು; ಮೀನಿನ ತೊಟ್ಟಿಯ ಪಂಪು, ಅದರಲ್ಲೂ ಜರ್ಮನಿಯ ಈಹೈಮ್ ಪಂಪು, ನೀರನ್ನು ತಿರುಗಿಸುತ್ತಿತ್ತು; ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರಾಗಿ, ಚಳಿದೇಶದ ಕಾರುಗಳಲ್ಲಿ ಒಳಾಂಗಣವನ್ನು ಬೆಚ್ಚಗಿಡಲು ಇರುವ ಹೀಟರ್ ಕೋರ್ ಬಳಕೆಗೆ ಬಂತು. 1977ರ ಪಾಂಟಿಯಾಕ್ ಬಾನವಿಲ್ ಕಾರಿನ ಹೀಟರ್ ಕೋರ್ ಅಮೆರಿಕದ ಹವ್ಯಾಸಿಗಳಲ್ಲಿ ಎಷ್ಟು ಮೆಚ್ಚುಗೆ ಪಡೆಯಿತೆಂದರೆ, ಆ ಕಾರನ್ನು ಎಂದೂ ಕಾಣದವರಿಗೂ ಅದರ ಹೆಸರು ಪರಿಚಿತವಾಗಿತ್ತು.

ನೀರಿನ ಗುಣವೇ ಈ ವ್ಯವಸ್ಥೆಯ ಜೀವಾಳ. ಒಂದೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲದು; ನಿಮಿಷಕ್ಕೆ 4 ಲೀಟರಿನಂತೆ ಹರಿಯುವ ನೀರು 250 ವಾಟಿನ ಪ್ರೊಸೆಸರನ್ನು ದಾಟುವಾಗ ಒಂದು ಡಿಗ್ರಿಯಷ್ಟೂ ಬಿಸಿಯೇರುವುದಿಲ್ಲ. ಆದ್ದರಿಂದ ಕೊಳವೆಯ ಸುತ್ತಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಚರ್ಚೆಗಿಂತ ರೇಡಿಯೇಟರಿನ ವಿಸ್ತಾರವೇ ಮುಖ್ಯ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರನ್ನು ಜೋಡಿಸಿದರೆ ಎರಡು ಲೋಹಗಳ ನಡುವೆ ನೀರು ವಿದ್ಯುತ್ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ತಿಂದುಹೋಗುತ್ತದೆ; ನಲ್ಲಿಯ ನೀರಿನ ಲವಣ ಕಟ್ಟಿಕೊಳ್ಳುತ್ತದೆ, ಭಟ್ಟಿ ಇಳಿಸಿದ ನೀರಿನಲ್ಲೂ ಪಾಚಿ ಹುಟ್ಟುತ್ತದೆ. ಇಷ್ಟೆಲ್ಲ ಮಾಡಿದರೂ ರೇಡಿಯೇಟರು ನೀರನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಉತ್ತರ ಯುರೋಪಿನ ಕೋಣೆಯಲ್ಲಿ ಪಡೆದ ತಾಪಮಾನದ ಅಂಕಿಗಳು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿಗೂ ಇಲ್ಲಿಗೂ ಇರುವ ಹತ್ತಿಪ್ಪತ್ತು ಡಿಗ್ರಿಗಳ ವ್ಯತ್ಯಾಸ ನೇರವಾಗಿ ಚಿಪ್ಪಿನ ಮೇಲೆ ಬೀಳುತ್ತದೆ. ಆ ಎಲ್ಲೆಯನ್ನು ದಾಟಬಯಸಿದವರು ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ಇನ್ನೂ ತಣ್ಣನೆಯ ದ್ರವ ಹೀಲಿಯಂಗಳನ್ನು ಹಿಡಿದು, 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಚಿಪ್ಪನ್ನು 8.4 ಗಿಗಾಹರ್ಟ್ಸ್ ದಾಟಿಸಿದರು. ಕೆಲವೇ ಕ್ಷಣ ನಿಲ್ಲುವ ಆ ವೇಗ ಪ್ರದರ್ಶನದ ವಸ್ತು; ದಿನಬಳಕೆಯ ಇತಿಹಾಸದಲ್ಲಿ ಅದರ ಪಾತ್ರ ಸಣ್ಣದು.

ದಿನಬಳಕೆಯ ತಿರುವು ಬಂದದ್ದು 2004ರಲ್ಲಿ. ಟ್ರಾನ್ಸಿಸ್ಟರು ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಚದರಳತೆಗೆ ಹುಟ್ಟುವ ಶಾಖ ಹೆಚ್ಚುವುದಿಲ್ಲವೆಂಬ ರಾಬರ್ಟ್ ಡೆನ್ನಾರ್ಡರ 1974ರ ಸೂತ್ರ, ಸೋರಿಕೆಯ ಕಾರಣದಿಂದ ಕೈಕೊಡತೊಡಗಿತ್ತು. ಸೆಲೆರಾನ್ 300ಎ ಹೊಮ್ಮಿಸುತ್ತಿದ್ದ ಶಾಖ ಸುಮಾರು 19 ವಾಟ್; 2004ರ ಪೆಂಟಿಯಂ 4ರದು 115 ವಾಟ್ ತಲುಪಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ ಯೋಜನೆಯನ್ನು ಕೈಬಿಟ್ಟಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಮ್ಮೇಳನವೊಂದರ ವೇದಿಕೆಯಲ್ಲಿ ಮಂಡಿಯೂರಿ, ತಮಾಷೆಯಾಗಿಯೇ ಆದರೂ, ಕ್ಷಮೆ ಕೇಳಿದರು. ಅದಕ್ಕೆ ಕೆಲವೇ ತಿಂಗಳ ಮುಂಚೆ ಆಪಲ್ ತನ್ನ 2.5 ಗಿಗಾಹರ್ಟ್ಸ್ ಪವರ್ ಮ್ಯಾಕ್ ಜಿ5ಕ್ಕೆ ಕಾರ್ಖಾನೆಯಲ್ಲೇ ದ್ರವ ತಂಪು ವ್ಯವಸ್ಥೆಯನ್ನು ಅಳವಡಿಸಿತ್ತು. ಅದನ್ನು ಒದಗಿಸಿದ್ದು ಕಾರಿನ ಬಿಡಿಭಾಗಗಳ ಕಂಪನಿಯಾದ ಡೆಲ್ಫಿ. ಹವ್ಯಾಸಿಗಳು ಗುಜರಿಯಿಂದ ಹೀಟರ್ ಕೋರ್ ತಂದ ದಾರಿಯಲ್ಲೇ ದೊಡ್ಡ ಕಂಪನಿಯೂ ನಡೆದಂತಾಯಿತು.

ಅನಂತರದ ದಶಕದಲ್ಲಿ ಈ ಕೈಕಸುಬು ಅಂಗಡಿಯ ಸರಕಾಯಿತು. ಡೆನ್ಮಾರ್ಕಿನ ಅಸೆಟೆಕ್ ಪಂಪನ್ನೂ ಬ್ಲಾಕನ್ನೂ ಒಂದಾಗಿಸಿ ಕಾರ್ಖಾನೆಯಲ್ಲೇ ಮುಚ್ಚಿದ, ನೀರು ತುಂಬುವ ತಾಪತ್ರಯವಿಲ್ಲದ ಕೂಲರುಗಳನ್ನು ತಯಾರಿಸಿತು. 2009ರಲ್ಲಿ ಕೋರ್ಸೇರ್ ಹೆಸರಿನಲ್ಲಿ ಬಂದ ಎಚ್50 ಅವುಗಳನ್ನು ಮನೆಮಾತಾಗಿಸಿತು. 2011ರ ಜನವರಿಯಲ್ಲಿ ಇಂಟೆಲ್ ಬಸ್ಸಿನ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿ, ಹೆಸರಿನ ಕೊನೆಗೆ ಕೆ ಅಕ್ಷರವಿರುವ ಚಿಪ್ಪುಗಳಿಗೆ ಮಾತ್ರ ಗುಣಕದ ಬೀಗ ತೆಗೆದು ಮಾರಿತು. ಐ5-2500ಕ್ಕೂ ಐ5-2500ಕೆಗೂ ಇದ್ದ ಬೆಲೆಯ ಅಂತರ ಸುಮಾರು 11 ಡಾಲರ್. ಕದ್ದು ಪಡೆಯುತ್ತಿದ್ದ ಉಳಿಕೆಗೆ ಈಗ ರಸೀದಿ ಸಿಗುವಂತಾಯಿತು. ಮರುವರ್ಷ ಚಿಪ್ಪಿಗೂ ಅದರ ಲೋಹದ ಮುಚ್ಚಳಕ್ಕೂ ನಡುವಿನ ಬೆಸುಗೆಯ ಬದಲು ಇಂಟೆಲ್ ಪೇಸ್ಟು ಬಳಸಿದಾಗ, ಎಷ್ಟೇ ಒಳ್ಳೆಯ ವಾಟರ್ ಬ್ಲಾಕ್ ಇದ್ದರೂ ಶಾಖ ಮುಚ್ಚಳದ ಕೆಳಗೇ ತಡೆಯುತ್ತಿತ್ತು. ಹವ್ಯಾಸಿಗಳು ಬ್ಲೇಡಿನಿಂದ ಮುಚ್ಚಳ ಎಬ್ಬಿಸಿ, ಗ್ಯಾಲಿಯಂ ಬೆರೆತ ದ್ರವಲೋಹವನ್ನು ಬಳಿದು ಅದನ್ನು ಮತ್ತೆ ಕೂರಿಸತೊಡಗಿದರು.

ಇಷ್ಟರಲ್ಲಿ ತಯಾರಕರೇ ಉಳಿಕೆಯನ್ನು ಖರ್ಚು ಮಾಡುವುದನ್ನು ಕಲಿತಿದ್ದರು. 2008ರ ಕೋರ್ ಐ7ರೊಂದಿಗೆ ಬಂದ ಟರ್ಬೊ ಬೂಸ್ಟ್ ವ್ಯವಸ್ಥೆಯು ತಾಪ ಮತ್ತು ವಿದ್ಯುತ್ತಿನ ಅವಕಾಶ ನೋಡಿಕೊಂಡು ಚಿಪ್ಪಿನ ವೇಗವನ್ನು ತಾನೇ ಏರಿಸುತ್ತಿತ್ತು, ಮತ್ತು ಪ್ರತಿ ಪೀಳಿಗೆಯಲ್ಲೂ ಈ ಏರಿಕೆ ದೊಡ್ಡದಾಗುತ್ತ ಹೋಯಿತು. ಎಎಂಡಿಯ 2022ರ ರೈಜನ್ 7000 ಚಿಪ್ಪುಗಳಿಗೆ ಭಾರೀ ಕೆಲಸದಲ್ಲಿ 95 ಡಿಗ್ರಿ ತಲುಪುವುದೇ ವಿನ್ಯಾಸದ ಗುರಿ. ಅವುಗಳಿಗೆ ಉತ್ತಮ ನೀರಿನ ವ್ಯವಸ್ಥೆ ಹೂಡಿದರೂ ತಾಪಮಾನ ಅಷ್ಟಾಗಿ ಇಳಿಯದೆ, ಚಿಪ್ಪು ಆ ತಂಪನ್ನು ಇನ್ನಷ್ಟು ವೇಗವಾಗಿ ಮಾರ್ಪಡಿಸಿಕೊಂಡು ಮತ್ತೆ 95ರ ಬಳಿಗೇ ಬರಬಹುದು. ಇಂಟೆಲಿನ ಐ9-13900ಕೆ ಅಧಿಕೃತವಾಗಿಯೇ 253 ವಾಟ್‌ವರೆಗೆ ಎಳೆಯುತ್ತದೆ. ಆ ಪೀಳಿಗೆಯ ಮತ್ತು ಅದರ ಮುಂದಿನ ಪೀಳಿಗೆಯ ಚಿಪ್ಪುಗಳು ಯಾರೂ ಓವರ್‌ಕ್ಲಾಕ್ ಮಾಡದೆಯೂ ಅಸ್ಥಿರಗೊಳ್ಳುತ್ತಿವೆಯೆಂಬ ದೂರುಗಳು ಹೆಚ್ಚಿದಾಗ, 2024ರಲ್ಲಿ ಇಂಟೆಲ್, ಚಿಪ್ಪು ಅಗತ್ಯ ಮೀರಿದ ವೋಲ್ಟೇಜನ್ನು ಕೇಳುತ್ತಿತ್ತೆಂದು ಒಪ್ಪಿಕೊಂಡು, ತಿದ್ದಿದ ಮೈಕ್ರೊಕೋಡನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಈಗ ಹಲವು ಅನುಭವಿಗಳು ಬಯಾಸ್ ತೆರೆಯುವುದು ವೋಲ್ಟೇಜನ್ನು ಇಳಿಸಲು. ಅಂಡರ್‌ವೋಲ್ಟಿಂಗ್ ಎನ್ನುವ ಈ ಕೆಲಸಕ್ಕೆ ಬೇಕಾದ ಪರೀಕ್ಷೆ, ತಾಳ್ಮೆ, ತಾಪಮಾಪಕಗಳೆಲ್ಲ ಹಿಂದಿನವೇ, ಪ್ರತಿ ಚಿಪ್ಪೂ ಎಷ್ಟು ಕಡಿಮೆಯಲ್ಲಿ ತಪ್ಪಿಲ್ಲದೆ ನಡೆಯುತ್ತದೆಂದು ಕೆಲವೇ ಮಿಲಿವೋಲ್ಟುಗಳ ಹೆಜ್ಜೆಯಲ್ಲಿ ಹುಡುಕುತ್ತ ಹೋಗುತ್ತಾರೆ.