ಸ್ಟೀರಿಂಗಿನ ನರಳಾಟ ಮತ್ತು ದೆಹಲಿಯ 15 ವರ್ಷದ ಗಡುವು

ಇವತ್ತಿನ ಮಾತು ಒಂದು ಸದ್ದಿನ ಬಗ್ಗೆ. 2016ರ ಡಿಸೆಂಬರ್, ನೊಯ್ಡಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಹೊರಗೆ ಎದುರಿನ ಗೇಟು ಕಾಣದಷ್ಟು ಮಂಜು. ಕಾರ್ ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದೆ ನೋಡಿ, ಬಾನೆಟ್ಟಿನೊಳಗಿಂದ 'ಕುಂಯ್‌ಯ್‌' ಅಂತ ನರಳಾಟ. ಬಾಲ ತುಳಿಸಿಕೊಂಡ ನಾಯಿ ಥರ. ವಾಚ್‌ಮನ್ ಎದ್ದು ಬಂದು ನೋಡಿದ.

ಕಾರು 2002ರ ಹೋಂಡಾ ಸಿಟಿ ವಿಟೆಕ್. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಇದೆಂಥ ಸ್ಪೋರ್ಟ್ಸ್ ಕಾರು ಅಂತ ನಗಬೇಡಿ. 1.5 ಲೀಟರ್ ಎಂಜಿನ್, 106 ಅಶ್ವಶಕ್ತಿ. ಫೆರಾರಿಯನ್ನು ಪೋಸ್ಟರಿನಲ್ಲಿ ಮಾತ್ರ ನೋಡಿದ್ದ ನಮ್ಮಂಥವರಿಗೆ ಆ ಕಾಲದಲ್ಲಿ ಸ್ಪೋರ್ಟ್ಸ್ ಕಾರು ಅಂದ್ರೆ ಇದೇ. ಅಪ್ಪ ರಿಟೈರ್ ಆದಾಗ ಬಂದ ಪಿಎಫ್ ದುಡ್ಡಲ್ಲಿ ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಜೀವನದಲ್ಲಿ ಅವರು ಮಾಡಿದ ಒಂದೇ ಒಂದು ದುಂದು ಅದು. ನನಗೆ ಈ ಕಡೆ ವರ್ಗವಾದಾಗ 'ತಗೊಂಡ್ಹೋಗು, ಅಲ್ಲಿ ಓಡಾಡೋಕೆ ಬೇಕಾಗುತ್ತೆ' ಅಂತ ಕೀ ಕೊಟ್ಟರು. ಕೆಎ ನಂಬರ್ ಹೋಗಿ ಯುಪಿ 16 ಬಂತು.

ತಮಾಷೆ ಅಂದ್ರೆ ಕಾರು ಹೊಸ ಊರಿಗೇನೂ ಬಂದಿರಲಿಲ್ಲ. ತವರಿಗೇ ಮರಳಿತ್ತು. ಹೋಂಡಾ ಕಂಪನಿ 1995ರ ಡಿಸೆಂಬರಿನಲ್ಲಿ ಸೀಲ್ ಸಂಸ್ಥೆಯ ಜೊತೆ ಸೇರಿ ಜಂಟಿ ಕಂಪನಿ ಕಟ್ಟಿ, ಆಮೇಲೆ ಗ್ರೇಟರ್ ನೊಯ್ಡಾದಲ್ಲಿ ಕಾರ್ಖಾನೆ ಹಾಕಿತು. ಅಲ್ಲಿಂದ ಹೊರಬಂದ ಮೊದಲ ಮಾಡೆಲ್ಲೇ ಸಿಟಿ, 1998ರ ಜನವರಿಯಲ್ಲಿ. ನನ್ನ ಕಾರು ಹುಟ್ಟಿದ ಜಾಗ ನಮ್ಮ ಬೇಸ್‌ಮೆಂಟಿನಿಂದ ಮುಕ್ಕಾಲು ಗಂಟೆ ದಾರಿ.

ಆದರೆ ತವರಿನಲ್ಲೇ ಅದಕ್ಕೆ ಗಡುವು ಬಿದ್ದಿತ್ತು. 2014ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 15 ವರ್ಷ ದಾಟಿದ ಯಾವ ಗಾಡಿಯೂ ದೆಹಲಿ ರಸ್ತೆಯಲ್ಲಿ ಓಡಬಾರದು ಅಂತ ಆದೇಶ ಕೊಟ್ಟಿತು. ನನ್ನ ಆಫೀಸು ಗುರುಗ್ರಾಮದಲ್ಲಿ, ದಿನಾ ದೆಹಲಿ ಹಾದೇ ಹೋಗಬೇಕು. 2017ರ ಮಾರ್ಚಿಗೆ ಕಾರಿಗೆ 15 ತುಂಬುತ್ತೆ. ಅಷ್ಟರೊಳಗೆ ಎನ್‌ಒಸಿ ತಗೊಂಡು ಊರಿಗೆ ಓಡಿಸಿಕೊಂಡು ಹೋಗಬೇಕು, ಇಲ್ಲಾಂದ್ರೆ ಗುಜರಿ. ಇಂಥಾ ಹೊತ್ತಲ್ಲಿ ಸ್ಟೀರಿಂಗ್ ನರಳೋಕೆ ಶುರು ಮಾಡ್ತು. ಎರಡು ಸಾವಿರ ಕಿಲೋಮೀಟರ್ ದಾಟಬೇಕಾದ ಗಾಡಿ.

ಒಂದು ವರ್ಕ್‌ಶಾಪಿಗೆ ಒಯ್ದೆ. ಹುಡುಗ ಎರಡು ಸಲ ಸ್ಟೀರಿಂಗ್ ತಿರುಗಿಸಿ, ರ‍್ಯಾಕ್ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂದ. ಅವನು ಹೇಳಿದ ಮೊತ್ತ ಕಾರಿನ ಆಗಿನ ಬೆಲೆಯ ಮೂರನೇ ಒಂದು ಭಾಗ. ಸುಮ್ಮನೆ ವಾಪಸ್ ಬಂದೆ.

ಆ ಭಾನುವಾರ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಒಬ್ಬ ಹಿರಿಯರು ಸಿಕ್ಕರು. ಕೇಂದ್ರ ಸರ್ಕಾರದ ನೌಕರಿಗೆ ಅಂತ 70ರ ದಶಕದಲ್ಲಿ ಬಂದವರು, ಅಂಬಾಸಿಡರ್ ತಾವೇ ಬಿಚ್ಚಿ ಜೋಡಿಸೋರು. ಕಥೆ ಕೇಳಿ ಅಂದರು: 'ಏನಪ್ಪಾ, ಗಾಡಿ ನಿಂತಿದ್ದಾಗ್ಲೂ ಕೂಗುತ್ತೋ, ಓಡುವಾಗ ಮಾತ್ರವೋ?' ನಾನು ಗಮನಿಸಿರಲಿಲ್ಲ. 'ಅದನ್ನೇ ಮೊದ್ಲು ನೋಡ್ಬೇಕು ಕಣಯ್ಯಾ' ಅಂತ ಹೇಳಿ ಪಾರ್ಕಿಂಗಿಗೆ ಎಳ್ಕೊಂಡು ಹೋದರು.

ಇಲ್ಲೊಂದು ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಯಾಕಂದ್ರೆ ಅವರ ತಲೆಮಾರಿಗೆ ಪವರ್ ಸ್ಟೀರಿಂಗ್ ಅನ್ನೋದೇ ಪರದೇಶದ ಸಂಗತಿ. ಅಂಬಾಸಿಡರಿಗೆ ರ‍್ಯಾಕ್ ಮತ್ತು ಪಿನಿಯನ್ ಇತ್ತು, ಪದ್ಮಿನಿಗೆ ವರ್ಮ್ ಮತ್ತು ರೋಲರ್. ಎರಡಕ್ಕೂ ಪವರ್ ಅಂದ್ರೆ ಡ್ರೈವರ್‌ನ ರಟ್ಟೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಯನ್ನು ಹರ್ಪಾಲ್ ಸಿಂಗ್ ಅವರ ಕೈಗಿಟ್ಟಾಗ ಆ ಕಾರಿಗೂ ಪವರ್ ಸ್ಟೀರಿಂಗ್ ಇರಲಿಲ್ಲ. ಅಷ್ಟು ಹಗುರ ಗಾಡಿಗೆ ಬೇಕಾಗಿಯೂ ಇರಲಿಲ್ಲ ಬಿಡಿ. ಆದರೆ ದೆಹಲಿಯಲ್ಲಿ ಇನ್ನೊಂದು ದಾರಿ ಇತ್ತು: ರಾಯಭಾರ ಕಚೇರಿಗಳವರು ಬಿಟ್ಟುಹೋದ ವಿದೇಶಿ ಕಾರುಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕ್ತಿತ್ತು. ಮರ್ಸಿಡಿಸ್ಸು, ಅಮೆರಿಕದ ದೊಡ್ಡ ದೊಡ್ಡ ಗಾಡಿಗಳು ಹಾಗೆ ಊರೊಳಗೆ ಬಂದವು. ಈ ದೇಶದಲ್ಲಿ ಪವರ್ ಸ್ಟೀರಿಂಗ್ ಪಂಪನ್ನು ಮೊದಮೊದಲು ಬಿಚ್ಚಿದ ಕೈಗಳಲ್ಲಿ ದೆಹಲಿ ಮಿಸ್ತ್ರಿಗಳವೂ ಇದ್ದಿರಲೇಬೇಕು ಅನ್ನೋದು ನನ್ನ ಊಹೆ.

ಪಂಪಿನ ಐಡಿಯಾ ಹಳೇದು. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಅನ್ನೋ ಎಂಜಿನಿಯರ್ 1926ರಲ್ಲೇ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸಿ ತೋರಿಸಿದ್ದರು. ಅದು ಮಾಮೂಲಿ ಗಿರಾಕಿ ಕೊಳ್ಳುವ ಕಾರಿಗೆ ಬರೋಕೆ 25 ವರ್ಷ ಹಿಡಿಯಿತು. 1951ರ ಕ್ರೈಸ್ಲರ್ ಇಂಪೀರಿಯಲ್ ಮೊದಲನೆಯದು. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತೆ, ಪಂಪು ಡಬ್ಬಿಯಿಂದ ಎಣ್ಣೆ ಹೀರಿ ರ‍್ಯಾಕಿಗೆ ಒತ್ತುತ್ತೆ. ನನ್ನ ಸಿಟಿಯಲ್ಲೂ ಅದೇ ವ್ಯವಸ್ಥೆ.

ಈಗ ಹಿರಿಯರ ಪ್ರಶ್ನೆ ಅರ್ಥ ಆಗುತ್ತೆ. ಗಾಡಿ ನಿಂತಿದೆ, ಎಂಜಿನ್ ಓಡ್ತಿದೆ, ಸ್ಟೀರಿಂಗ್ ತಿರುಗಿಸಿದ್ರೆ ಸದ್ದು, ಆಕ್ಸಿಲರೇಟರ್ ಒತ್ತಿದ್ರೆ ಸದ್ದಿನ ಸ್ವರ ಏರುತ್ತೆ. ಅಂದ್ರೆ ತಪ್ಪು ಪಂಪಿನ ಕಡೆ. ರ‍್ಯಾಕೋ ಟೈರಾಡೋ ಸಡಿಲ ಆಗಿದ್ದರೆ ಗುಂಡಿಗೆ ಇಳಿದಾಗ 'ಟಕ್ ಟಕ್' ಅನ್ನಬೇಕಿತ್ತು, ಅದು ಇರಲಿಲ್ಲ. ಬೆಲ್ಟು ಜಾರುತ್ತಿದ್ದರೆ ಸದ್ದು ಕೀರಲು, ಇದು ನರಳಾಟ. ಕೊನೇ ತನಕ ತಿರುಗಿಸಿ ಹಿಡಿದಾಗ ಬರೋ 'ಹುಸ್ಸ್' ಅನ್ನೋದು ಒತ್ತಡ ಬಿಡುವ ವಾಲ್ವಿನದು, ರೋಗ ಅಲ್ಲ. ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡೀಬಾರದು ಅಷ್ಟೇ.

ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಎಣ್ಣೆ ಮೇಲೆ ಫಿಲ್ಟರ್ ಕಾಫಿಯ ನೊರೆ! ನೆಲದ ಮೇಲೆ ಒಂದು ಹನಿ ಇಲ್ಲ. 'ಎಣ್ಣೆ ಹೊರಗೆ ಬರ್ತಿಲ್ಲ, ಗಾಳಿ ಒಳಗೆ ಹೋಗ್ತಿದೆ' ಅಂದರು. ಎಳನೀರಿನ ಸ್ಟ್ರಾ ಮೇಲ್ಗಡೆ ಸೀಳಿದ್ರೆ ನೀರು ಸೋರಲ್ಲ, ಎಳೆದಾಗ 'ಸೊರ್ ಸೊರ್' ಅಂತ ಗಾಳಿ ಬರುತ್ತಲ್ಲ, ಹಾಗೆ. ಪಂಪು ಹೀರುವ ಬದಿಯ ಜಾಯಿಂಟಿನಲ್ಲಿರುವ ಓ-ರಿಂಗ್ ಗಟ್ಟಿಯಾದರೆ ಗಾಳಿ ನುಸುಳುತ್ತೆ. ಚಳಿಯಲ್ಲಿ ಎಣ್ಣೆ ಮಂದ ಆಗೋದ್ರಿಂದ ಬೆಳಿಗ್ಗೆ ಹೊತ್ತು ಜಾಸ್ತಿ. ಖಾತ್ರಿಗೆ ಆ ಜಾಯಿಂಟಿನ ಸುತ್ತ ನಾಲ್ಕು ಹನಿ ಎಣ್ಣೆ ಬಿಟ್ಟರು. ಸದ್ದು ಒಂದು ಕ್ಷಣ ಅಡಗಿ ಮತ್ತೆ ಶುರುವಾಯ್ತು. ರೋಗ ಸಿಕ್ಕಿತು.

ಆಮೇಲೆ ಎಣ್ಣೆಯ ಬಣ್ಣ ನೋಡಿ ನನ್ನ ಮುಖ ನೋಡಿದರು. ಅದು ಕೆಂಪಿತ್ತು. ಎರಡು ವರ್ಷದ ಹಿಂದೆ ಮಟ್ಟ ಇಳಿದಿದೆ ಅಂತ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಸುರಿದಿದ್ದವನು ನಾನೇ. ಕಂಪನಿಯ ಪುಸ್ತಕದಲ್ಲಿ ಇದಕ್ಕೆ ಅಂತಲೇ ಬೇರೆ ಎಣ್ಣೆ ಹಾಕಿ ಅಂತ ಸ್ಪಷ್ಟವಾಗಿ ಬರೆದಿದೆ. ಆ ಸೀಲುಗಳಿಗೆ ಎಟಿಎಫ್ ಒಗ್ಗಲ್ಲ. ಸಾಫ್ಟ್‌ವೇರಿನಲ್ಲಿ ಡಾಕ್ಯುಮೆಂಟೇಶನ್ ಓದದ ಜೂನಿಯರ್‌ಗಳಿಗೆ ಬೈಯ್ಯೋನು ನಾನು, ನೋಡಿ.

ಮರುದಿನ ಕಶ್ಮೀರಿ ಗೇಟಿನ ಬಿಡಿಭಾಗದ ಮಾರ್ಕೆಟ್. 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಮದ್ದಿಟ್ಟು ಸಿಡಿಸಿ ಒಳನುಗ್ಗಿದ ಬಾಗಿಲು ಇನ್ನೂ ನಿಂತಿದೆ. ಅದರ ಆಸುಪಾಸಿನ ಗಲ್ಲಿಗಳಲ್ಲಿ ಗ್ಯಾಸ್ಕೆಟ್ಟು, ಬೇರಿಂಗು, ಹೆಡ್‌ಲೈಟು ರಾಶಿ. ಅಂಗಡಿಯವನು ಹಳೇ ಓ-ರಿಂಗನ್ನು ಬೆರಳಲ್ಲಿ ಮಡಚಿದ, ಒಣಗಿದ ಹುಣಸೆ ಸಿಪ್ಪೆ ಥರ ಮುರೀತು. ಹೊಸದಕ್ಕೆ ಕೇಳಿದ್ದು ಇಪ್ಪತ್ತು ರೂಪಾಯಿ. ನೋಟು ರದ್ದಾಗಿ ಒಂದು ತಿಂಗಳು, ನನ್ನ ಜೇಬಲ್ಲಿದ್ದದ್ದು ಗುಲಾಬಿ ಬಣ್ಣದ ಎರಡು ಸಾವಿರದ್ದು ಒಂದೇ! ಅವನು ಕೈ ಮುಗಿದ. ಹೀರುವ ಪೈಪು, ಕ್ಲಾಂಪು, ಸರಿಯಾದ ಎಣ್ಣೆ ಮೂರು ಬಾಟ್ಲಿ, ಬೇಡದಿದ್ದರೂ ವೈಪರ್ ಬ್ಲೇಡು, ಎಲ್ಲ ಸೇರಿಸಿ ಬಿಲ್ಲು ದೊಡ್ಡದು ಮಾಡಿದ ಮೇಲೆ ಚಿಲ್ಲರೆ ಹೊರಟಿತು.

ಕೆಲಸ ಎರಡು ಗಂಟೆಯದು. ಡಬ್ಬಿ ಖಾಲಿ ಮಾಡಿ, ರಿಂಗು ಪೈಪು ಬದಲಿಸಿ, ಮುಂದಿನ ಚಕ್ರ ಜ್ಯಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇಟ್ಟೇ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ತಿರುಗಿಸೋದು. ಗುಳ್ಳೆ ಬರೋದು ನಿಲ್ಲೋವರೆಗೂ. ಆಮೇಲೆ ಸ್ಟಾರ್ಟ್ ಮಾಡಿ ಮತ್ತೆ ಅದೇ. ಕೆಂಪು ಪೂರ್ತಿ ಹೋಗೋಕೆ ಎರಡು ಸಲ ಎಣ್ಣೆ ಬದಲಿಸಬೇಕಾಯ್ತು.

ಸ್ಟೀರಿಂಗ್ ತಿರುಗಿಸ್ತಾ ಕೂತಾಗ ಹಿರಿಯರು ಕೇಳಿದರು, 'ನಿಮ್ಮ ಹೊಸ ಕಾರುಗಳಲ್ಲಿ ಈ ಎಣ್ಣೆನೇ ಇಲ್ವಂತಲ್ಲ?' ಹೌದು. 1988ರಲ್ಲಿ ಜಪಾನಿನ ಕೋಯೋ ಕಂಪನಿ ಸುಜುಕಿ ಸರ್ವೋ ಅನ್ನೋ ಪುಟ್ಟ ಕಾರಿಗೆ ಎಲೆಕ್ಟ್ರಿಕ್ ಸ್ಟೀರಿಂಗ್ ಮಾಡಿತು. 1990ರಲ್ಲಿ ಬಂದ ಹೋಂಡಾ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರಿಗೂ ಅದು ಹೋಯ್ತು. ಅದೇ ಕೋಯೋ ಜೊತೆ ಸೇರಿ ಸುರಿಂದರ್ ಕಪೂರ್ ಅವರ ಸೋನಾ ಕಂಪನಿ ಗುರುಗ್ರಾಮದಲ್ಲಿ ಮಾರುತಿಗೆ ಸ್ಟೀರಿಂಗ್ ಮಾಡಿಕೊಡ್ತಿತ್ತು; ಈಗ ಅದರ ಹೆಸರು ಜೆಟೆಕ್ಟ್ ಇಂಡಿಯಾ. ನನ್ನ ಸಿಟಿಯ ನಂತರ 2003ರಲ್ಲಿ ಬಂದ ಹೊಸ ಸಿಟಿಯಲ್ಲೇ ಪಂಪು ಹೋಗಿ ಮೋಟಾರು ಬಂತು. ನರಳೋಕೆ ಅಲ್ಲಿ ಎಣ್ಣೆಯೂ ಇಲ್ಲ. ರಸ್ತೆಯ ಸುದ್ದಿ ಅಂಗೈಗೆ ಮುಟ್ಟೋದೂ ಕಮ್ಮಿ ಅಂತ ನನಗನ್ಸುತ್ತೆ.

ಎನ್‌ಒಸಿ ಫೆಬ್ರವರಿಯಲ್ಲಿ ಕೈಗೆ ಬಂತು. ಆಗ್ರಾ, ಗ್ವಾಲಿಯರ್, ನಾಗಪುರ, ಹೈದರಾಬಾದ್, ನಾಲ್ಕು ದಿನ. ಮರುವರ್ಷ, 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟು ಇಡೀ ಎನ್‌ಸಿಆರ್‌ನಲ್ಲಿ 15 ವರ್ಷದ ಪೆಟ್ರೋಲ್ ಗಾಡಿ, 10 ವರ್ಷದ ಡೀಸೆಲ್ ಗಾಡಿ ಓಡಬಾರದು ಅಂದಿತು. ನೊಯ್ಡಾದ ನನ್ನ ಪಕ್ಕದ ಮನೆಯವರ ಮಾರುತಿ ಎಸ್ಟೀಮ್ ಗುಜರಿಗೆ ಹೋಯ್ತು. ಆ ಮಂಜು, ಆ ಹೊಗೆ ಕುಡಿದವನು ನಾನೂ ಹೌದು, ಆದೇಶಕ್ಕೆ ಬೈಯ್ಯೋಕೆ ಬಾಯಿ ಬರಲ್ಲ.

ತುಮಕೂರಿನ ಮನೆ ಮುಂದೆ ಕಾರ್ ನಿಲ್ಲಿಸಿದಾಗ ಅಪ್ಪ ಒಳಗೆ ಕೂತು, ಎಂಜಿನ್ ಆಫ್ ಮಾಡೋಕೆ ಬಿಡದೆ, ಸ್ಟೀರಿಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ಕಿವಿ ಕೊಟ್ಟು ಕೇಳಿದರು. 'ಏನೂ ಸದ್ದಿಲ್ವಲ್ಲೋ' ಅಂದರು. ಫೋನಲ್ಲಿ ನಾನು ಅಷ್ಟೆಲ್ಲಾ ದೂರಿದ್ದು ಸುಳ್ಳೇನೋ ಅನ್ನೋ ಹಾಗೆ.