ಮರವೆಂದು ಕರೆಸಿಕೊಂಡ ಹುಲ್ಲು

ತೆಲುಗಿನ ವೆದುರು ನಮ್ಮ ಬಿದಿರು. ತಮಿಳಿನ ವೇರು ಕನ್ನಡದಲ್ಲಿ ಬೇರಾದಂತೆ ಇಲ್ಲಿಯೂ ಹಳೆಯ ವಕಾರ ಬಕಾರವಾಗಿದೆ. ಹೈದರಾಬಾದಿನ ಉತ್ತರಕ್ಕೆ, ಆಸಿಫಾಬಾದಿನ ಒಣಕಾಡುಗಳಲ್ಲಿ ಹೆಚ್ಚಾಗಿ ಬೆಳೆಯುವುದು ನಾವು ಕಿರುಬಿದಿರು ಎನ್ನುವ ಜಾತಿ. ಹೆಬ್ಬಿದಿರಿನ ಮುಳ್ಳು ಇದಕ್ಕಿಲ್ಲ. ಒಣನೆಲದಲ್ಲಿ ಬೆಳೆದ ಗಳು ಟೊಳ್ಳೇ ಇಲ್ಲವೆನ್ನುವಷ್ಟು ಗಟ್ಟಿ, ಲಾಠಿಗೆ ಹೇಳಿಮಾಡಿಸಿದ್ದು. ಹಲವು ದಶಕಗಳಿಗೊಮ್ಮೆ ಕಾಡಿಗೆ ಕಾಡೇ ಹೂಬಿಟ್ಟು, ಬೀಜ ಉದುರಿಸಿ, ಸಾಯುತ್ತದೆ.

ರಾಕ್ಸ್‌ಬರ್ಗ್ 1798ರಲ್ಲಿ ಇದನ್ನು ಬಾಂಬೂಸಾ ಕುಲಕ್ಕೆ ಸೇರಿಸಿದ್ದ. 1830ರ ದಶಕದಲ್ಲಿ ಜರ್ಮನಿಯ ನೀಸ್ ಹೊಸ ಕುಲ ಮಾಡಿ ಡೆಂಡ್ರೊಕಲಾಮಸ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಡೆಂಡ್ರಾನ್ ಎಂದರೆ ಮರ, ಕಲಮೋಸ್ ಎಂದರೆ ಜೊಂಡು. ಬರೆಯುವ ಕಲಮು ಸಹ ಅರಬ್ಬಿಯ ಮೂಲಕ ನಮಗೆ ಬಂದ ಅದೇ ಕಲಮೋಸ್. ಮುಂದೆ ಈ ಜೊಂಡು ಕಾಗದವೂ ಆಯಿತು.

ನಿಜಾಮರ ರಾಜ್ಯದಲ್ಲಿ 1938ರಲ್ಲಿ ಸಿರ್ಪುರ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕಾಡಿನ ಬಿದಿರೇ ಕಚ್ಚಾವಸ್ತು. ಊರಿಗೆ ಕಾಗಜ್‌ನಗರ ಎಂಬ ಹೆಸರೇ ಬಂತು. ಅದೇ ಸೀಮೆಯಲ್ಲಿ ಕೊಲಾಮರು ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಗೊಂಡರ ಮನೆಗಳ ಗೋಡೆಗೂ ಬಿದಿರೇ ಬೇಕು. ಆದರೆ ಕಾಡು ಮೀಸಲಾದಂತೆ ಅವರ ಬೇಸಾಯಕ್ಕೂ ಕೊಡಲಿಗೂ ತಡೆ ಬಿತ್ತು. ನೀರು, ಕಾಡು, ನೆಲ ತಮ್ಮದೆಂದು ಎದ್ದ ಕೊಮುರಂ ಭೀಮ್ 1940ರಲ್ಲಿ ಜೋಡೆಘಾಟ್‌ನಲ್ಲಿ ಗುಂಡಿಗೆ ಬಲಿಯಾದ. ಆ ದಂಗೆ ಗಿರಣಿಯ ವಿರುದ್ಧದ್ದಲ್ಲ, ಅರಣ್ಯ ಮತ್ತು ಕಂದಾಯದ ದರ್ಬಾರಿನ ವಿರುದ್ಧದ್ದು. ಆದರೂ ಒಂದೇ ಕಾಡು ಒಬ್ಬರಿಗೆ ಮುಚ್ಚುತ್ತ ಇನ್ನೊಬ್ಬರಿಗೆ ತೆರೆದ ಕಾಲ ಅದೇ. ನಂತರ ನಿಜಾಮ್ ಸರ್ಕಾರವೇ ಮಾನವಶಾಸ್ತ್ರಜ್ಞ ಹೈಮೆನ್‌ಡಾರ್ಫ್‌ನನ್ನು ಅಲ್ಲಿನ ಸ್ಥಿತಿ ಅರಿಯಲು ಕಳಿಸಿತು.

ಬ್ರಿಟಿಷ್ ಭಾರತದ 1927ರ ಅರಣ್ಯ ಕಾಯ್ದೆ 'ಮರ' ಎಂಬ ಪದದಲ್ಲಿ ಬಿದಿರನ್ನೂ ಸೇರಿಸಿತ್ತು. ಸಸ್ಯಶಾಸ್ತ್ರಕ್ಕೆ ಅದು ಭತ್ತ, ಕಬ್ಬುಗಳ ಕುಟುಂಬದ ಹುಲ್ಲು. ನೀಸ್ ಮರವೆಂದದ್ದು ಗಾತ್ರ ಕಂಡು. ಕಾಯ್ದೆಯಲ್ಲಿ ಮರವಾದರೆ ಕಡಿಯಲು, ಸಾಗಿಸಲು ಪರವಾನಗಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿ, ಅದರ ಮೇಲೆ ಕಾಡಿನ ಜನರ ಒಡೆತನವನ್ನು ಒಪ್ಪಿತು. 1927ರ ಕಾಯ್ದೆಯ ಮರಗಳ ಪಟ್ಟಿಯಿಂದ ಬಿದಿರು ಹೊರಬಿದ್ದದ್ದು 2017ರಲ್ಲಿ, ಮುಖ್ಯವಾಗಿ ಕಾಡಿನ ಹೊರಗೆ ಬೆಳೆಯುವವರ ಅನುಕೂಲಕ್ಕೆ.